ದ್ರಾಕ್ಷಿ ಚಪ್ಪರದ ಕೆಳಗಿನ ಮದುವೆ ಊಟ

ಆ ಭಾನುವಾರ ಮಧ್ಯಾಹ್ನ ಆಶ್ರಮದ ದ್ರಾಕ್ಷಿ ಚಪ್ಪರದ ಕೆಳಗೆ ನಾವೆಲ್ಲ ಸೇರಿದ್ದೆವು. ಬೆಂಚಿನ ಮೇಲೆ ನಮ್ಮ ಸಭಾಪಾಲಕರು ದೇವದಾಸಯ್ಯನವರು ಕೂತಿದ್ದರು. ಯಲಹಂಕದಿಂದ ಸೈಕಲ್ ತುಳಿದು ಬಂದಿದ್ದ ಏದುಸಿರು ಇನ್ನೂ ನಿಂತಿರಲಿಲ್ಲ. ಅವರೆದುರು ಚಾಪೆಯ ಮೇಲೆ ಸಾರಮ್ಮ, ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು. ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಅಡುಗೆಯ ಮುನಿಯಪ್ಪ. ಹಿಂದೆ ಹೆಂಗಸರ ವಾರ್ಡಿನವರು ಒಂದು ಕಡೆ, ಗಂಡಸರ ವಾರ್ಡಿನವರು ಒಂದು ಕಡೆ, ನಡೆಯಲಾಗದ ಮುದುಕರು ಕೈಗಾಡಿಯಲ್ಲಿ. ಒಂದು ಮೂಲೆಯಲ್ಲಿ ನಾನು, ನರ್ಸಿಂಗ್ ಮುಗಿಸಿ ಅಲ್ಲಿಗೆ ಕೆಲಸಕ್ಕೆ ಬಂದು ಇನ್ನೂ ವರ್ಷ ತುಂಬದವಳು. ಮೇಲೆ ಎಲೆಗಳ ಮೇಲೆ ಸೋನೆ ಮಳೆ ಬೀಳುತ್ತಿತ್ತು. ಹನಿ ಒಳಗೆ ಬರುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು.

ನಮ್ಮಜ್ಜಿ ಯಾವ ಸಂಗತಿ ಹೇಳಲು ಹೊರಟರೂ ಯಾರು ಯಾರು ಎಲ್ಲೆಲ್ಲಿ ಕೂತಿದ್ದರು ಅಂತ ಮೊದಲು ಹೇಳಿ ಮುಗಿಸಿಯೇ ಮುಂದಿನ ಮಾತಿಗೆ ಹೋಗುತ್ತಿದ್ದದ್ದು. ಅದೇ ಅಭ್ಯಾಸ ನನಗೂ ಬಂದಿದೆ. ಹಾಗೆ ಕೂತಿದ್ದವರೆಲ್ಲ ಮೊನ್ನೆ ನನಗೆ ಒಬ್ಬೊಬ್ಬರಾಗಿ ಕಾಣಿಸಿದರು. ಸಹಕಾರನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಬೀದಿಯ ತಿರುವಿನಲ್ಲಿ ಒಬ್ಬಾತ ತಳ್ಳುಗಾಡಿಯ ಮೇಲೆ ನೀಲಿ ದ್ರಾಕ್ಷಿ ಹರಡಿಕೊಂಡು ನಿಂತಿದ್ದ. ದಪ್ಪ ಸಿಪ್ಪೆಯ, ಬೀಜದ, ಮೇಲೆ ಬೂದಿ ಊದಿದ ಹಾಗೆ ಕಾಣುವ ಹಳೆಯ ಜಾತಿಯ ದ್ರಾಕ್ಷಿ. ಮಳೆ ಹನಿದು ಕೆಲವು ಹಣ್ಣು ಬಿರಿದಿದ್ದವು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಎಲ್ಲಿದ್ದೇನೆ ಅನ್ನುವುದು ಮರೆತುಹೋಯಿತು. ಕೊಡೆ ಒಂದು ಕಡೆ ವಾಲಿ ಹೆಗಲು ನೆನೆಯುತ್ತಿತ್ತು.

“ಏನಮ್ಮಾ, ಅರ್ಧ ಕೆಜಿ ಹಾಕ್ಲಾ?” ಅಂದ.

“ಹಾಕಪ್ಪ,” ಅಂದೆ. “ಇಲ್ಲೆಲ್ಲ ಮುಂಚೆ ದ್ರಾಕ್ಷಿ ತೋಟಾನೇ ಇತ್ತು, ಗೊತ್ತಾ?”

“ಇಲ್ಲೇನಾ? ಏನ್ ತಮಾಷೆ ಮಾಡ್ತೀರ,” ಅಂತ ನಕ್ಕ.

ಅವನ ತಪ್ಪೇನಿಲ್ಲ. ನಾನು ನಿಂತಿದ್ದ ಜಾಗ ನಮ್ಮ ಹಳೆಯ ಅಡುಗೆಮನೆಯದೋ, ಬಾವಿಯದೋ ನನಗೂ ಗುರುತು ಸಿಗಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಹೆಬ್ಬಾಳದ ಕೆರೆ ದಾಟಿದರೆ ಬಳ್ಳಾರಿ ರಸ್ತೆಯ ಎರಡೂ ಬದಿ ರಾಗಿ ಹೊಲ, ದ್ರಾಕ್ಷಿ ಚಪ್ಪರ, ನಡುನಡುವೆ ಹಳ್ಳಿ. ರಸ್ತೆಯಿಂದ ಒಳಗೆ ಕೆಮ್ಮಣ್ಣಿನ ದಾರಿಯಲ್ಲಿ ನಡೆದರೆ ಕಳ್ಳಿ ಬೇಲಿಯ ಆಚೆ ನಮ್ಮ ಆಶ್ರಮ. ಕುಷ್ಠ ರೋಗಿಗಳಿಗಾಗಿ ಇದ್ದ ಜಾಗ. ಆ ಹೆಸರನ್ನು ಒಳಗಿದ್ದ ನಾವು ಯಾರೂ ಆಡುತ್ತಿರಲಿಲ್ಲ. ಕಾಯಿಲೆ ಅಂದರೆ ಅದೇ. ಹೊಸದಾಗಿ ಬಂದಿದ್ದ ಬಿಳಿ ಮಾತ್ರೆ ಒಳ್ಳೆಯ ಕೆಲಸ ಮಾಡುತ್ತಿತ್ತು. ಮೈಮೇಲಿನ ಮಚ್ಚೆ ಮಾಯುತ್ತಿತ್ತು, ಕಾಯಿಲೆ ಮುಂದುವರಿಯುತ್ತಿರಲಿಲ್ಲ. ಆದರೆ ಬೆರಳಿನಿಂದ ಹೋದ ಸ್ಪರ್ಶ ಹಿಂದಕ್ಕೆ ಬರುತ್ತಿರಲಿಲ್ಲ, ಮನೆಯವರೂ ಹಿಂದಕ್ಕೆ ಬರುತ್ತಿರಲಿಲ್ಲ.

ಚಪ್ಪರ ಹಾಕಿ ದ್ರಾಕ್ಷಿ ಹಬ್ಬಿಸಿದವರು ರೋಗಿಗಳೇ. ವರ್ಷಕ್ಕೆ ಎರಡು ಸಲ ಗೊಂಚಲು ಗೊಂಚಲಾಗಿ ಜೋತುಬೀಳುತ್ತಿತ್ತು. ನಮ್ಮ ಬೇಲಿಯೊಳಗಿನ ಹಣ್ಣು ಅಂತ ತಿಳಿದರೆ ಸಂತೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ನಾವೇ ತಿನ್ನುತ್ತಿದ್ದೆವು, ಆರಾಧನೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನಕ್ಕೆ ಬೇಕಾದ ರಸವನ್ನು ನಾವೇ ಹಿಂಡುತ್ತಿದ್ದೆವು. “ಲೋಕದೋರು ಬೇಡ ಅಂದಿದ್ದು ನಮ್ಗೇ ಪೂರ್ತಿ ಉಳೀತು ನೋಡಿ, ಸ್ತೋತ್ರ,” ಅನ್ನುತ್ತಿದ್ದರು ಸಾರಮ್ಮ.

ಆಶ್ರಮದಲ್ಲಿ ಭಾನುವಾರದ ಆರಾಧನೆಗೆ ಒಂದು ಪದ್ಧತಿ ಇತ್ತು. ಪ್ರಸಂಗಕ್ಕೆ ಮುಂಚೆ ಒಬ್ಬೊಬ್ಬರೂ ಆ ವಾರದ ಒಂದು ಸಂಗತಿ ಹೇಳಿ ದೇವರಿಗೆ ಸ್ತೋತ್ರ ಹೇಳಬೇಕು. ಹೊಸದಾಗಿ ಬಂದವರು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದರು. ಸಾರಮ್ಮನ ಸರದಿ ಬಂದರೆ ಮಾತ್ರ ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. “ಈ ವಾರ ಬೆರಳು ಸುಟ್ಕೊಂಡಿಲ್ಲ, ಸ್ತೋತ್ರ.” “ಮುನಿಯಪ್ಪ ಸಾರಿಗೆ ಉಪ್ಪು ಹಾಕೋದು ಜ್ಞಾಪಿಸ್ಕೊಂಡ, ಸ್ತೋತ್ರ.” ಮುನಿಯಪ್ಪ ಪುಟ್ಟೇನಹಳ್ಳಿ ಕಡೆಯ ಒಕ್ಕಲಿನವನು, ನಮ್ಮ ಸಭೆಗೆ ಸೇರಿದವನಲ್ಲ. ಆದರೂ ಪ್ರತಿ ಭಾನುವಾರ ಬಂದು ಕಂಬಕ್ಕೆ ಒರಗುತ್ತಿದ್ದ. “ನಿಮ್ ದೇವ್ರತಾವ ನನ್ ಮೇಲೆ ಚಾಡಿ ಏಳ್ತಾಳೆ ಈ ಸಾರಕ್ಕ. ಕೇಳಿಸ್ಕೊಳ್ಳೋಕಾದ್ರೂ ಬರ್ಬೇಕಲ್ಲ ಸಿಸ್ಟ್ರಮ್ಮ,” ಅನ್ನುತ್ತಿದ್ದ ನನಗೆ.

ಕೊನೆಯಲ್ಲಿ ಸಭಾಪಾಲಕರಾದ ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಉದ್ದನೆಯ ಪ್ರಾರ್ಥನೆ. ಎಲ್ಲ ರೋಗಿಗಳ ಹೆಸರೂ ಅವರಿಗೆ ಬಾಯಿಪಾಠ. ಸಾರಮ್ಮ ಪ್ರತಿ ವಾರ ಬೇಡಿಕೊಳ್ಳುತ್ತಿದ್ದದ್ದು ಒಂದೇ, ತನ್ನ ಮಗಳು ಪ್ರೇಮಳಿಗಾಗಿ ಪ್ರಾರ್ಥನೆ. ಹಾಗಾಗಿ ಅಯ್ಯನವರ ಬಾಯಲ್ಲಿ ಆ ಎರಡು ಹೆಸರು ಜೊತೆಯಾಗಿಯೇ ಬರುತ್ತಿದ್ದವು. “ಪ್ರೇಮಳನ್ನು ಆಶೀರ್ವದಿಸು ಕರ್ತನೇ, ಅವಳ ತಾಯಿ ಸಾರಮ್ಮನ ಕೈಗಳನ್ನು ಮುಟ್ಟಿ ಗುಣಪಡಿಸು.” ಒಂದೇ ಉಸಿರಿನಲ್ಲಿ.

ಪ್ರೇಮಾ ಬೆಳೆದದ್ದು ಯಲಹಂಕದಲ್ಲಿ, ಸಾರಮ್ಮನ ಅಣ್ಣ ಸಮುವೇಲಪ್ಪನವರ ಮನೆಯಲ್ಲಿ. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ತಂದೆ ಮುಂಚೆಯೇ ತೀರಿಕೊಂಡಿದ್ದ. ತಾಯಿಯ ಕೈಮೇಲೆ ಮಚ್ಚೆ ಕಾಣಿಸಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಅಂದಿನಿಂದ ಸಾರಮ್ಮ ಮಗಳನ್ನು ನೋಡಿರಲಿಲ್ಲ. ತಿಂಗಳಿಗೊಮ್ಮೆ ಅಣ್ಣ ಒಬ್ಬರೇ ಬಂದು, ಬೇಲಿಯ ಆಚೆಯೇ ನಿಂತು, ಮಗು ಎಷ್ಟು ಬೆಳೆದಿದೆ ಅಂತ ಕೈ ಎತ್ತಿ ಎತ್ತರ ತೋರಿಸಿ ಹೋಗುತ್ತಿದ್ದರು. ಆ ಕೈ ಮೊದಲು ಸೊಂಟದ ಮಟ್ಟಕ್ಕಿತ್ತಂತೆ. ನಾನು ಬರುವ ಹೊತ್ತಿಗೆ ಅವರ ಕಿವಿಯ ಮಟ್ಟಕ್ಕೆ ಬಂದಿತ್ತು.

ಆ ಆಷಾಢದಲ್ಲಿ ಅವಳಿಗೆ ಗಂಡು ಗೊತ್ತಾಯಿತು. ಹುಡುಗ ಯಶವಂತಪುರದವನು, ಕಾರ್ಖಾನೆಯಲ್ಲಿ ಕೆಲಸ, ಸಭೆಯಲ್ಲಿ ಒಳ್ಳೆಯ ಹೆಸರು. ಅವರ ಕಡೆಯವರಿಗೆ ಸಮುವೇಲಪ್ಪ ಹುಡುಗಿಗೆ ತಾಯಿ ತಂದೆ ಇಬ್ಬರೂ ಇಲ್ಲ ಅಂತ ಹೇಳಿದ್ದರು. ಹಾಗೆ ಹೇಳಿ ಅಂತ ಹೇಳಿಕೊಟ್ಟವರು ಸಾರಮ್ಮನೇ. ತಾಯಿಗೆ ಈ ಕಾಯಿಲೆ ಅಂತ ತಿಳಿದರೆ ಯಾವ ಮನೆಯವರೂ ಹೆಣ್ಣು ತರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ದೇವಾಲಯದಲ್ಲಿ ಹುಡುಗ ಹುಡುಗಿಯ ಹೆಸರನ್ನೂ ಹೆತ್ತವರ ಹೆಸರನ್ನೂ ಓದಿ, ಯಾರಿಗಾದರೂ ಅಡ್ಡಿ ಇದ್ದರೆ ಹೇಳಿ ಅಂತ ಕೇಳುತ್ತಾರೆ. ಯಲಹಂಕದಲ್ಲಿ ಅದನ್ನು ಓದಬೇಕಾದವರು ದೇವದಾಸಯ್ಯನವರು. ಅದಕ್ಕೇ ಆ ಮಧ್ಯಾಹ್ನ ಆರಾಧನೆ ಮುಗಿದರೂ ಯಾರೂ ಎದ್ದಿರಲಿಲ್ಲ.

“ನಿಮ್ಮ ಹೆಸರು ಓದ್ದೆ ಹೇಗಮ್ಮ ಬಿಡ್ಲಿ?” ಅಂದರು ಅಯ್ಯನವರು.

“ಅವರಪ್ಪ ಸತ್ತಿದಾನಲ್ಲ ಅಯ್ಯನವರೇ, ನನ್ನನ್ನೂ ಅವನ ಜೊತೆ ಸೇರಿಸ್ಬಿಡಿ.”

“ಬದುಕಿರೋರನ್ನ ಸತ್ತಿದಾರೆ ಅಂತ ದೇವಾಲಯದಲ್ಲಿ ನಿಂತು ನಾನು ಓದಲ್ಲ.”

“ಓದ್ರೀ ಸ್ವಾಮಿ,” ಅಂದ ಮುನಿಯಪ್ಪ ಕಂಬದ ಹತ್ತಿರದಿಂದ. “ಮೂರ್ ವಾರ ಸತ್ರೆ ಮೂರ್ ತಿಥಿ ಊಟ. ವಡೆ ನಾನ್ ಮಾಡಾಕ್ತೀನಿ.”

ಕೈಗಾಡಿಯಲ್ಲಿದ್ದ ಮುದುಕರೂ ನಕ್ಕುಬಿಟ್ಟರು. ಸಾರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕರು. ಕಡೆಗೆ ಸಮುವೇಲಪ್ಪನವರ ಸಾಕುಮಗಳು ಅಂತ ಮಾತ್ರ ಓದುವುದು, ಹೆತ್ತವರ ಹೆಸರನ್ನೇ ಎತ್ತದಿರುವುದು ಅಂತ ತೀರ್ಮಾನವಾಯಿತು. ಅಯ್ಯನವರಿಗೆ ಅದೂ ಒಪ್ಪಿಗೆ ಇರಲಿಲ್ಲ. ಸೈಕಲ್ ಹತ್ತುವಾಗ ಅವರ ಮುಖ ನೋಡಿದೆ. ಏನನ್ನೋ ಕದ್ದು ಒಯ್ಯುತ್ತಿರುವವರ ಹಾಗೆ ಇದ್ದರು.

ಅವರು ಅತ್ತ ಹೋದದ್ದೇ ಸಾರಮ್ಮ ಎದ್ದು ನಿಂತರು. “ಮೂರನೇ ಓದು ಆದ ಬುಧವಾರ ಮದ್ವೆ. ನಾವ್ಯಾರೂ ಹೋಗೋ ಹಾಗಿಲ್ಲ. ಆದ್ರೆ ಊಟ ಮಾಡ್ಬಾರ್ದು ಅಂತ ಯಾರೂ ಹೇಳಿಲ್ವಲ್ಲ? ತಾಳಿ ಅಲ್ಲಿ, ಊಟ ಇಲ್ಲಿ.”

“ಆಷಾಡದಾಗೆ ಮದ್ವೆ ಊಟ! ನಮ್ ಜನ ಕೇಳಿದ್ರೆ ಉಗೀತಾರೆ,” ಅಂದ ಮುನಿಯಪ್ಪ. ಆಗಲೇ ಅವನ ಕಣ್ಣು ಒಲೆಗೆ ಎಷ್ಟು ಸೌದೆ ಬೇಕು ಅಂತ ಲೆಕ್ಕ ಹಾಕುತ್ತಿತ್ತು.

ಆಮೇಲಿನ ದಿನಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡ ಹಾಗೆಯೇ ನೆನಪು. ದಿನವಿಡೀ ಸೋನೆ. ಬೆಳಗ್ಗೆ ಎದ್ದರೆ ಬೇಲಿ ಕಾಣುತ್ತಿರಲಿಲ್ಲ, ಮಂಜಿನೊಳಗಿಂದ ಹೆಬ್ಬಾಳದ ಕಡೆಯ ಎತ್ತಿನ ಗಾಡಿಗಳ ಗಂಟೆ ಮಾತ್ರ ಕೇಳಿಸುತ್ತಿತ್ತು. ಚಪ್ಪರದ ಕೆಳಗೆ ಹಗಲಲ್ಲೂ ನೀಲಿ ಬಣ್ಣ. ಅದರೊಳಗೆ ಬಿಳಿ ಬ್ಯಾಂಡೇಜು ಸುತ್ತಿದ ಕೈಗಳು ಗೊಂಚಲು ಹುಡುಕುತ್ತಾ ಆಡುತ್ತಿದ್ದವು. ಬೆರಳಿಗೆ ಹಿಡಿತ ಇಲ್ಲದವರು ಕತ್ತರಿಯನ್ನು ಮಣಿಕಟ್ಟಿಗೆ ಬಟ್ಟೆಯಿಂದ ಕಟ್ಟಿಸಿಕೊಳ್ಳುತ್ತಿದ್ದರು. ಕಟ್ಟಿಕೊಡುವುದು ನನ್ನ ಕೆಲಸ. ಎಲ್ಲರೂ ತಮಗೆ ಬರುವ ಬೆಲ್ಲದಲ್ಲಿ ಒಂದು ಚೂರು ಉಳಿಸಿ ಸಾರಮ್ಮನ ಡಬ್ಬಿಗೆ ಹಾಕತೊಡಗಿದರು. ಯಾರೂ ಹೇಳಿರಲಿಲ್ಲ. ಕಾಫಿ ಸಪ್ಪೆಯಾಯಿತು ಅಂತ ಯಾರೂ ಗೊಣಗಲೂ ಇಲ್ಲ. ಗಂಡಸರ ವಾರ್ಡಿನವರು ತಾವು ಸಾಕಿದ್ದ ಎರಡು ಕೋಳಿಗಳನ್ನು ಕೊಡುತ್ತೇವೆ ಅಂದರು. ಹೊಸದಾಗಿ ಬಂದು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಒಬ್ಬಳು ಎದ್ದು ಬಂದು, ಹುಡುಗಿಯ ಸೀರೆ ಯಾವ ಬಣ್ಣ ಅಂತ ಕೇಳಿದಳು. “ಬಿಳಿ ಕಣೇ, ನಮ್ಮೋರು ಬಿಳಿ ಉಡೋದು,” ಅಂದರು ಸಾರಮ್ಮ, ಕಣ್ಣಾರೆ ಕಂಡವರಂತೆ.

ಮೊದಲ ಭಾನುವಾರದ ಓದು ಸಲೀಸಾಗಿ ಮುಗಿಯಿತು. ಎರಡನೆಯದೂ. ಮೂರನೆಯ ಭಾನುವಾರ ಅಯ್ಯನವರು ಬರುವ ಹೊತ್ತಾದರೂ ಬರಲಿಲ್ಲ. ಬಂದಾಗ ಕೊಡೆಯೂ ಇಲ್ಲ, ಟೋಪಿಯೂ ಇಲ್ಲ. ಸೈಕಲ್ಲನ್ನು ನಿಲ್ಲಿಸದೆ ಬೇಲಿಗೆ ಒರಗಿಸಿ ಬಿಟ್ಟರು, ಅದು ಜಾರಿ ಕೆಸರಿಗೆ ಬಿತ್ತು. ಎತ್ತಲು ಹೋಗಲಿಲ್ಲ. ನೇರ ಬಂದು ಸಾರಮ್ಮನ ಮುಂದೆ ಚಾಪೆಯ ಮೇಲೇ ಕೂತರು.

“ನನ್ನಿಂದ ಹಾಳಾಯ್ತಮ್ಮ.”

“ಏನಾಯ್ತು ಅಯ್ಯನವರೇ?”

“ಗಂಡಿನ ಕಡೆಯೋರು ಬಂದಿದ್ರು, ಮುಂದೇ ಕೂತಿದ್ರು. ಪ್ರಕಟಣೆ ಓದಿದೆ. ಅದು ಸರಿಯಾಗೇ ಓದಿದೆ. ಓದಿ ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. ಪ್ರೇಮಳನ್ನ ಆಶೀರ್ವದಿಸು ಅಂದೆ. ನಾಲಿಗೆ ಅಲ್ಲಿಗೆ ನಿಲ್ಲಲಿಲ್ಲ ಕಣಮ್ಮ. ಅವಳ ತಾಯಿ ಸಾರಮ್ಮನ ಕೈಗಳನ್ನ ಮುಟ್ಟಿ ಗುಣಪಡಿಸು ಅಂದ್ಬಿಟ್ಟೆ. ಇಲ್ಲಿ ವಾರ ವಾರ ಹೇಳ್ತೀನಲ್ಲ, ಹಾಗೇ ಬಂದ್ಬಿಡ್ತು. ಆಮೆನ್ ಅಂದ್ಮೇಲೆ ಗೊತ್ತಾಯ್ತು.”

ಮುನಿಯಪ್ಪ ಹೋಗಿ ಕೆಸರಿನಿಂದ ಸೈಕಲ್ ಎತ್ತಿ ನಿಲ್ಲಿಸಿದ.

ಆರಾಧನೆ ಬಿಟ್ಟ ಮೇಲೆ ಹುಡುಗನ ತಂದೆ ಸಮುವೇಲಪ್ಪನವರನ್ನು ಪಕ್ಕಕ್ಕೆ ಕರೆದು, ಯಾರು ಈ ಸಾರಮ್ಮ, ಕೈಗೆ ಏನಾಗಿದೆ ಅಂತ ಕೇಳಿದರಂತೆ. ಅದು ಬೇರೆ ಯಾರೋ, ಅಯ್ಯನವರಿಗೆ ವಯಸ್ಸಾಯಿತು, ಮರೆವು ಅಂತ ಸಮುವೇಲಪ್ಪ ಬೆವರು ಒರೆಸಿಕೊಂಡು ಹೇಳಿದರಂತೆ. ಅವರು ನಂಬಲೂ ಇಲ್ಲ, ಜಗಳವಾಡಲೂ ಇಲ್ಲ. ಬುಧವಾರ ಬರುತ್ತೇವೆ, ಆಗ ನೋಡೋಣ ಅಂತ ಹೇಳಿ ಬಸ್ಸು ಹತ್ತಿದರಂತೆ.

ಆ ದಿನ ಸಾರಮ್ಮ ಸ್ತೋತ್ರ ಹೇಳಲಿಲ್ಲ. ಎದ್ದು ವಾರ್ಡಿಗೆ ಹೋಗಿ ಮುಸುಕೆಳೆದು ಮಲಗಿದರು.

ಸೋಮವಾರ ಬೆಳಗ್ಗೆ, ಸ್ಪರ್ಶವಿಲ್ಲದ ಪಾದ ಬಿರಿಯದಿರಲಿ ಅಂತ ಎಲ್ಲರೂ ದಿನವೂ ಕಾಲು ನೆನೆಸುವುದಿತ್ತಲ್ಲ, ಅದಕ್ಕೂ ಬರಲಿಲ್ಲ. ನಾನು ಉಗುರುಬೆಚ್ಚಗಿನ ನೀರಿನ ಬೇಸಿನ್ನು ಹಿಡಿದು ವಾರ್ಡಿಗೇ ಹೋದೆ. “ಬೇಡ ಸಿಸ್ಟ್ರಮ್ಮ, ಹೋಗಿ,” ಅಂದರು ಮುಸುಕಿನೊಳಗಿಂದ. ಬೆಲ್ಲದ ಡಬ್ಬಿ ಕಿಟಕಿಯ ಮೇಲೆ ಹಾಗೇ ಇತ್ತು, ಅದಕ್ಕೆ ಇರುವೆ ಹತ್ತಿತ್ತು. ಗಂಡಸರ ವಾರ್ಡಿನವರು ಕೋಳಿಗಳನ್ನು ಏನು ಮಾಡೋಣ ಅಂತ ಮುನಿಯಪ್ಪನನ್ನು ಕೇಳಿದರು. “ನನ್ನೇನ್ ಕೇಳ್ತೀರ? ಮದ್ವೆ ಮನೇವ್ರನ್ನ ಕೇಳಿ,” ಅಂತ ರೇಗಿದ. ಅವನು ಆ ದಿನ ಸಾರಿಗೆ ಉಪ್ಪು ಹಾಕಿರಲಿಲ್ಲ. ಸಾರಮ್ಮ ಅದನ್ನು ಹೇಳಲಿಲ್ಲವಾದ್ದರಿಂದ ಬೇರೆ ಯಾರೂ ಹೇಳಲಿಲ್ಲ.

ಸಂಜೆ ಮಳೆ ಕೊಂಚ ಬಿಟ್ಟಿತ್ತು. ಚಪ್ಪರದ ಆ ತುದಿಯಲ್ಲಿ ಯಾರೋ ಇದ್ದ ಹಾಗೆ ಕಂಡಿತು. ಹೋಗಿ ನೋಡಿದರೆ ಸಾರಮ್ಮ. ಕತ್ತರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಟ್ಟೆಯ ಒಂದು ತುದಿಯನ್ನು ತೋಳಿನಲ್ಲಿ ಒತ್ತಿ ಹಿಡಿದು ತಾವೇ ಕಟ್ಟಿಕೊಳ್ಳಲು ಹೆಣಗುತ್ತಿದ್ದರು. ಹತ್ತಿರ ಹೋಗಿ ಕಟ್ಟಿಕೊಟ್ಟೆ. ಒಂದು ಗೊಂಚಲು ಕತ್ತರಿಸಿ ಬುಟ್ಟಿಗೆ ಹಾಕಿದರು.

“ಆ ಅಯ್ಯನವರ ಬಾಯಿಗೆ ಒಂದು ಬೀಗ ಹಾಕಿಸ್ಬೇಕಿತ್ತು ನಾನು,” ಅಂದರು. ದನಿಯಲ್ಲಿ ತಮಾಷೆ ಇರಲಿಲ್ಲ. “ನನ್ನ ಕೈ ಗುಣ ಮಾಡು ಅಂತೆ. ಯಾರ್ ಕೇಳಿದ್ರು? ಇಷ್ಟು ವರ್ಷ ಅದನ್ನ ಕೇಳಿ ಗುಣ ಮಾಡದ ದೇವ್ರು, ನಿನ್ನೇನೇ ಹುಡುಗನ ಅಪ್ಪನ ಕಿವಿ ತೆರೆಸ್ಬೇಕಿತ್ತಾ?”

“ಬುಧವಾರದ ಊಟ ಬೇಡ ಅಂತ ಮುನಿಯಪ್ಪನಿಗೆ ಹೇಳ್ಲಾ ಸಾರಮ್ಮ?” ಅಂದೆ.

ಥಟ್ಟನೆ ತಿರುಗಿದರು. “ಯಾಕೆ?”

“ಮದುವೆ ನಿಂತುಹೋದ್ರೆ?”

“ನಿಂತುಹೋದ್ರೆ ಅಳ್ತೀನಿ. ಗುರುವಾರ ಅಳ್ತೀನಿ. ಬುಧವಾರ ಮದ್ವೆ.”

ಮತ್ತೆ ಒಂದೆರಡು ಗೊಂಚಲು ಕತ್ತರಿಸಿದರು. ಎಲೆಗಳ ಸಂದಿಯಿಂದ ಉಳಿದಿದ್ದ ಹನಿಗಳು ಅವರ ನರೆಗೂದಲಿನ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತಿದ್ದವು.

“ನನಗೇನು ನಗು ತಾನಾಗೇ ಬರುತ್ತೆ ಅನ್ಕೊಂಡಿದೀರಾ ಸಿಸ್ಟ್ರಮ್ಮ? ಅವಳನ್ನ ಬಿಟ್ಟು ಬರೋ ದಿನ ಊರೆಲ್ಲ ಕೇಳೋ ಹಾಗೆ ಅತ್ತೆ. ಮಗು ಹೆದರ್ಕೊಂಡು ಅವರ ಮಾವನ ಕಾಲು ತಬ್ಬಿಕೊಂಡ್ಬಿಡ್ತು. ನನ್ನ ಹತ್ರ ಬರ್ಲೇ ಇಲ್ಲ. ಅವಳ ತಲೇಲಿ ಅಮ್ಮ ಅಂದ್ರೆ ಆ ಮುಖ. ಇನ್ನೊಂದ್ಸಲ ಯಾವತ್ತಾದ್ರೂ ಅವಳು ನನ್ನ ನೋಡಿದ್ರೆ ಬೇರೆ ಮುಖ ಇರ್ಬೇಕು ಅಂತ ದಿನಾ ಬೆಳಗ್ಗೆ ಎದ್ದು ಅಭ್ಯಾಸ ಮಾಡ್ಕೊಂಡು ಬಂದಿದೀನಿ. ಮೊದ್ಮೊದ್ಲು ತುಂಬಾ ಕಷ್ಟ ಆಗ್ತಿತ್ತು. ಆಮೇಲೆ ದೇವ್ರು ಮುನಿಯಪ್ಪನ್ನ ಕಳಿಸ್ದ.”

ಹಾಗೆ ಹೇಳಿ ತಾವೇ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬುಟ್ಟಿಯನ್ನು ತೋಳಿಗೆ ನೇತುಹಾಕಿಕೊಂಡು ಅಡುಗೆಮನೆಯ ಕಡೆ ಹೊರಟರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗು ಕೇಳಿಸಿತು. “ಲೋ ಮುನಿಯಪ್ಪಾ, ಉಪ್ಪಿಗೇನು ಬರಗಾಲನೇನೋ?” ವಾರ್ಡಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಎದ್ದು ಬೆಲ್ಲದ ಡಬ್ಬಿಯ ಇರುವೆ ಕೊಡವಿದರು.

ಬುಧವಾರ ಬೆಳಗ್ಗೆಯೇ ಚಪ್ಪರದ ಕಂಬಗಳಿಗೆ ಮಾವಿನ ಸೊಪ್ಪು ಕಟ್ಟಿದರು. ಬಾಳೆಕಂದು ಸಿಗದೆ ರಸ್ತೆ ಬದಿಯ ಹೂವಿನ ಗಿಡದ ಟೊಂಗೆ ನಿಲ್ಲಿಸಿದ್ದರು. ಅನ್ನ, ಕೋಳಿ ಸಾರು, ಶ್ಯಾವಿಗೆ ಪಾಯಸ. ದಿನವೂ ಮುದ್ದೆ ತಿನ್ನುವವರಿಗೆ ಆ ಅನ್ನದ ಹಬೆಯೇ ಹಬ್ಬ. ಗಂಟೆ ಹತ್ತಾಯಿತು. ಯಲಹಂಕದ ದೇವಾಲಯದಲ್ಲಿ ಈಗ ಆರಂಭವಾಗಿರಬೇಕು ಅಂತ ಯಾರೋ ಅಂದರು. ಸಾರಮ್ಮ ಹೊಸ ಸೀರೆ ಉಟ್ಟು ಮುಂದೆ ಕೂತಿದ್ದರು. ಸೀರೆ ನನ್ನದು, ಬ್ಲೌಸು ಹೊಂದಿರಲಿಲ್ಲ. ಕೀರ್ತನೆ ಎತ್ತಿದರು. ಗಂಡಸರ ಕಡೆಯವರು ಬೆರಳಿಲ್ಲದ ಅಂಗೈಯಿಂದ ಮಣೆಯ ಮೇಲೆ ತಾಳ ಹಾಕಿದರು. ಮುನಿಯಪ್ಪನಿಗೆ ಕೀರ್ತನೆಯ ಮಾತು ಬರದಿದ್ದರೂ ರಾಗ ಬರುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ರಾಗ ಎಳೆದ.

ಸುದ್ದಿ ತರುವವರು ಯಾರೂ ಇರಲಿಲ್ಲ. ಫೋನು ಇರಲಿಲ್ಲ. ಹಾಡಿನ ನಡುನಡುವೆ ಎಲ್ಲರ ಕಣ್ಣೂ ಬೇಲಿಯ ಕಡೆ ಹೋಗಿ ಬರುತ್ತಿತ್ತು. ಸಾರಮ್ಮನ ಕಣ್ಣು ಮಾತ್ರ ಹೋಗಲಿಲ್ಲ. ಮಧ್ಯಾಹ್ನವಾಯಿತು. “ಬಡಿಸಿ,” ಅಂದರು. “ಹುಡುಗೀನ ಮನೆ ತುಂಬಿಸ್ಕೊಂಡಿರ್ತಾರೆ. ಇನ್ನೇನು ಕಾಯೋದು.”

ಎಲೆ ಹಾಕಿ ಅನ್ನ ಬಡಿಸುತ್ತಿದ್ದಾಗ ಮುನಿಯಪ್ಪ ಸೌಟು ಹಿಡಿದವನು ನಿಂತುಬಿಟ್ಟ. “ಸಿಸ್ಟ್ರಮ್ಮ, ಇನ್ನೊಬ್ರು ನರ್ಸಮ್ಮ ಬರ್ತಾರೆ ಅಂತ ಏಳಿದ್ರಾ ಡಾಕ್ಟ್ರು?”

ರಾಗಿ ಹೊಲದ ನಡುವಿನ ದಾರಿಯಲ್ಲಿ, ಸೋನೆಯೊಳಗೆ, ಬಿಳಿ ಸೀರೆಯವರು ಒಬ್ಬರು ನಡೆದು ಬರುತ್ತಿದ್ದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ಸೀರೆಯ ಅಂಚು ಮೊಣಕಾಲಿನವರೆಗೆ ಕೆಂಪಗಾಗಿತ್ತು. ನನಗೂ ನರ್ಸು ಅಂತಲೇ ಅನ್ನಿಸಿತು. ಸಾರಮ್ಮನೂ ಕತ್ತೆತ್ತಿ ನೋಡಿ, “ಪಾಪ, ಮಳೇಲಿ ಬರ್ತಿದಾರೆ, ಇನ್ನೊಂದು ಎಲೆ ಹಾಕೋ,” ಅಂದರು. ಆಮೇಲೆ ಹಿಂದೆ ಬಹಳ ದೂರದಲ್ಲಿ, ಕೊಡೆ ಮಡಿಸಿಕೊಂಡೇ ನೆನೆಯುತ್ತಾ ಬರುತ್ತಿದ್ದ ಸಮುವೇಲಪ್ಪ ಕಂಡರು.

ಹುಡುಗಿ ಬೇಲಿಯ ಹತ್ತಿರ ನಿಲ್ಲಲಿಲ್ಲ. ಅಲ್ಲಿಯವರೆಗೆ ರೋಗಿಗಳ ಕಡೆಯವರು ಯಾರು ಬಂದರೂ ಅಲ್ಲೇ ನಿಲ್ಲುತ್ತಿದ್ದದ್ದು. ನೇರ ಚಪ್ಪರದ ಕೆಳಗೆ ಬಂದು, ಸಾಲಾಗಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಡೆದಳು. ಸಾರಮ್ಮನ ಮುಂದೆ ನಿಂತಳು. ತಾಯಿಯ ಮುಖದಲ್ಲಿ ಆಗ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು ಅಷ್ಟೆ.

“ಊಟ ಇದೆಯಾ ಅಮ್ಮ? ಬೆಳಗ್ಗಿಂದ ಏನೂ ತಿಂದಿಲ್ಲ,” ಅಂದಳು ಪ್ರೇಮಾ.

ಸಾರಮ್ಮ ನನ್ನ ಕಡೆ ನೋಡಿದರು. ಹೊರಗಿನವರಿಗೆ ರೋಗಿಗಳು ಬಡಿಸುವಂತಿಲ್ಲ ಅನ್ನುವ ನಿಯಮ ಇತ್ತು. ಅವರ ಕಾಯಿಲೆ ಯಾರಿಗೂ ಅಂಟುವ ಸ್ಥಿತಿಯಲ್ಲಿ ಇಲ್ಲ ಅಂತ ನನಗೆ ಗೊತ್ತಿತ್ತು. ನಾನು ತಲೆಯಾಡಿಸಿದೆ. ಸೆರಗಿನಿಂದ ಕೈಗಳು ಹೊರಗೆ ಬಂದವು. ಎರಡೂ ಅಂಗೈಗಳ ನಡುವೆ ಸೌಟು ಹಿಡಿದು ಅವರು ಅನ್ನ ಬಡಿಸಿದರು. ಸ್ವಲ್ಪ ಎಲೆಯ ಹೊರಗೆ ಬಿತ್ತು. ಪ್ರೇಮಾ ಅದನ್ನು ಬೆರಳಿನಿಂದ ಒಳಗೆ ಸೇರಿಸಿಕೊಂಡು ತಿನ್ನತೊಡಗಿದಳು.

ಆ ಬೆಳಗ್ಗೆ ದೇವಾಲಯದ ಮೆಟ್ಟಿಲ ಮೇಲೆ ಹುಡುಗನ ತಂದೆ ಎಲ್ಲರೆದುರು ನಿಲ್ಲಿಸಿ ಕೇಳಿದ್ದರಂತೆ. ಮಾವನನ್ನಲ್ಲ, ಅವಳನ್ನೇ. ಹುಡುಗ ತನ್ನ ಬೂಟು ನೋಡುತ್ತಾ ನಿಂತಿದ್ದನಂತೆ.

“ನಿಮ್ಮ ತಾಯಿ ಇದಾರಾ ಅಂದ್ರು. ಇದಾರೆ ಅಂದೆ,” ಅಂದಳು, ಸಾರು ಕಲಸುತ್ತಾ. “ಎಲ್ಲಿದಾರೆ ಅಂದ್ರು. ಅದನ್ನೂ ಹೇಳ್ದೆ.”

“ಹುಚ್ಚಿ!” ಅಂದರು ಸಾರಮ್ಮ. ದನಿ ಒಡೆದಿತ್ತು. “ಇಲ್ಲ ಅಂದಿದ್ರೆ ಏನು ಹೋಗ್ತಿತ್ತೇ ನಿಂದು?”

“ನೀನು ಹೋಗ್ತಿದ್ದೆ.”

ಸಮುವೇಲಪ್ಪ ಬೇಲಿಯ ಆಚೆಯೇ ನಿಂತು ಮುಖ ಮುಚ್ಚಿಕೊಂಡಿದ್ದರು. ಮುನಿಯಪ್ಪ ಹೋಗಿ ಅವರ ಕೊಡೆ ಕಸಿದುಕೊಂಡ. “ಬನ್ನಿ ಯಜಮಾನ್ರೇ, ಎಣ್ಣಿನ ಕಡೇವ್ರು ಇಂಗೆ ಒರಗೆ ನಿಂತ್ಕೊಂಡ್ರೆ ಎಂಗೆ?” ಅಂತ ರೆಟ್ಟೆ ಹಿಡಿದು ಒಳಗೆ ತಂದು ಕೂರಿಸಿದ. ಅಷ್ಟರಲ್ಲಿ ಅಯ್ಯನವರ ಸೈಕಲ್ ಕಂಡಿತು. ಅವರು ಬಂದು ಕ್ಷಮಾಪಣೆಗೆ ಬಾಯಿ ತೆರೆಯುವಷ್ಟರಲ್ಲಿ ಸಾರಮ್ಮ ಕೂಗಿದರು. “ಅಯ್ಯನವರೇ, ಮೊದ್ಲು ಊಟಕ್ಕೆ ಪ್ರಾರ್ಥನೆ ಮಾಡಿ. ಚಿಕ್ಕದಾಗಿ ಮಾಡಿ, ಸಾರು ಆರ್ತಿದೆ.”

ಅವರು ಕಣ್ಣು ಮುಚ್ಚಿ, ಪ್ರೇಮಳನ್ನೂ ಅವಳ ತಾಯಿಯನ್ನೂ ಅಂತ ಶುರುಮಾಡಿ, ಮುಂದಕ್ಕೆ ಹೋಗಲಾರದೆ ನಿಂತರು. ಆಮೆನ್ ಅಂದವರು ಸಾರಮ್ಮ. ಆಮೇಲೆ ಪಾಯಸ ಬಂತು. ಅಷ್ಟು ಸಿಹಿಯಾದ ಪಾಯಸ ನಾನು ತಿಂದಿಲ್ಲ. ಬೆಲ್ಲ ಜಾಸ್ತಿಯಾಗಿತ್ತು, ಗಂಟಲು ಕೆರೆಯುವಷ್ಟು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಸಂಜೆಯವರೆಗೂ ಹಾಡಿದರು. ಮದುಮಗಳು ಇದ್ದಳು, ಮದುಮಗ ಇರಲಿಲ್ಲ, ಹಾಡುವವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹಾಡಿದರು. ನೀಲಿ ಮಬ್ಬಿನಲ್ಲಿ ಆ ಬಿಳಿ ಸೀರೆ ಒಂದೇ ಹೊಳೆಯುತ್ತಿತ್ತು, ದೀಪ ಹಚ್ಚುವ ತನಕ.

ಗುರುವಾರ ಸಾರಮ್ಮ ಅತ್ತರು. ಹೇಳಿದ ಮಾತಿನಂತೆಯೇ, ಬೆಳಗ್ಗೆಯಿಂದ ಸಂಜೆಯವರೆಗೆ. ನಾನು ಪಕ್ಕದಲ್ಲಿ ಕೂತು ಬ್ಯಾಂಡೇಜು ಸುತ್ತುತ್ತಿದ್ದೆ. ಮಗಳ ಬಾಳು ಹಾಳಾಯಿತು ಅಂತ ಅತ್ತರೋ, ಮಗಳು ಬಂದಳು ಅಂತ ಅತ್ತರೋ ನಾನು ಕೇಳಲಿಲ್ಲ.

ಆಮೇಲೆ ಪ್ರೇಮಾ ಟೀಚರ್ ಟ್ರೈನಿಂಗಿಗೆ ಸೇರಿದಳು. ಪ್ರತಿ ಭಾನುವಾರ ಅಯ್ಯನವರ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು. ಟ್ರೈನಿಂಗ್ ಮುಗಿದ ಮೇಲೆ ಯಶವಂತಪುರದ ಕಡೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಒಂದು ಕೋಣೆ ಬಾಡಿಗೆಗೆ ಹಿಡಿದಳು. ಆ ಚಳಿಗಾಲದಲ್ಲಿ ಡಾಕ್ಟರು ಸಾರಮ್ಮನನ್ನು ಪರೀಕ್ಷಿಸಿ, ಇನ್ನು ಮನೆಗೆ ಹೋಗಬಹುದು ಅಂದರು. ಪ್ರೇಮಾ ಕರೆದೊಯ್ಯಲು ಬಂದಳು. ನಾನೂ ಅವರ ಜೊತೆ ಬಳ್ಳಾರಿ ರಸ್ತೆಯವರೆಗೆ ನಡೆದೆ. ಬಸ್ಸು ಬಂತು. ಇಬ್ಬರೂ ಹತ್ತಿದರು. ಕಂಡಕ್ಟರು “ಎಲ್ಲಿಗ್ರೀ?” ಅಂದ. “ಯಶವಂತಪುರ, ಎರಡು,” ಅಂದಳು ಪ್ರೇಮಾ. ಅವನು ಸಾರಮ್ಮನ ಕೈಗಳತ್ತ ಒಮ್ಮೆ ನೋಡಿ, ಎರಡು ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.